ಪೀಚ್ ಅನ್ನಬಲ್ಲಳು, ಮರ ಅನ್ನಲಾರಳು

ಡಿಕೆಲೆಡಿಯ ತಲೆ ಕೈಕೊಡುತ್ತಿದೆ ಎಂಬ ಅನುಮಾನ ನನಗೆ ಮೊದಲು ಹುಟ್ಟಿದ್ದು ಚರ್ಚಿನ ಅಂಗಳದಲ್ಲಿ. ಗುರುವಾರದ ಹೆಂಗಸರ ಪ್ರಾರ್ಥನೆಗೆ ಸೇರಿದ್ದೆವು. ದಾರಿಯ ಧೂಳು ಮೆತ್ತಿಕೊಂಡು ಎಲ್ಲರೂ ಮಣ್ಣಿನ ಗೊಂಬೆಗಳಾಗಿದ್ದೆವು. ಅವಳು ನನ್ನ ಹತ್ತಿರ ಸರಿದು, "ಕೆನೆವೆ, ಆ ಬಾಟ್ಲಿ ನೀರು ಕೊಡೆ. ತಲೆಯ ಈ ಮುಂದಿನ ಕಡೆ ತೊಳ್ಕೋಬೇಕು" ಎಂದಳು.

"ಯಾವ ಮುಂದಿನ ಕಡೆ?"

"ಇದೇ ಕಣೆ, ಇದು" ಎಂದು ಹಣೆಯಿಂದ ಗಲ್ಲದವರೆಗೆ ಕೈಯಾಡಿಸಿ ತೋರಿಸಿದಳು.

"ಮುಖ?"

"ಹೂಂ. ಅದೇ."

ತಮಾಷೆ ಎಂದುಕೊಂಡು ನಕ್ಕೆ. ಡಿಕೆಲೆಡಿ ತಮಾಷೆಯ ಹೆಂಗಸೇ. ಆದರೆ ಮುಂದಿನ ವಾರ ಅವಳ ಮನೆಗೆ ಹೋದಾಗ, "ಒಳಗೆ ಸೆಖೆ ಕಣೆ, ಆ ನೆರಳಿನದರ ಕೆಳಗೆ ಕೂತ್ಕೊಳೋಣ" ಎಂದಳು. ನಾನು ಅಂಗಳವೆಲ್ಲ ನೋಡಿದೆ. ಅಲ್ಲಿ ನೆರಳು ಕೊಡುವಂಥದ್ದು ಎಂದರೆ ಒಂದೇ ಒಂದು ಮರ.

"ಮರದ ಕೆಳಗಾ?"

"ಹೂಂ, ಪೀಚ್ ಕೆಳಗೆ."

ಪೀಚ್ ಅನ್ನಬಲ್ಲಳು, ಮರ ಅನ್ನಲಾರಳು. ಇದೆಂಥ ಕಾಯಿಲೆ ದೇವರೇ?

ಎಂಥ ಕಾಯಿಲೆ ಎಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಅವಳ ತಾಯಿಗೆ ಶುರುವಾದದ್ದೂ ಹೀಗೆಯೇ. ಮೊದಲು ಚಮಚದ ಹೆಸರು ಹೋಯಿತು, ಆಮೇಲೆ ಬಾಗಿಲಿನ ಹೆಸರು. ಕೊನೆಗೆ ಹೆತ್ತ ಮಗಳನ್ನೇ, "ನೀನು ಯಾರ ಮನೆಯವಳಮ್ಮಾ?" ಎಂದು ಕೇಳತೊಡಗಿದರು. ಒಂದು ಬೆಳಿಗ್ಗೆ ಕಂಬಳಿ ಹೊದ್ದು ಎದ್ದುಹೋದವರು ಕಣಿವೆಯಲ್ಲಿ ಸಿಕ್ಕಿದರು, ಒಂದು ಕಾಲಲ್ಲಿ ಮಾತ್ರ ಬೂಟು. ಆ ತಾಯಿಗೆ ನಾನೂ ಡಿಕೆಲೆಡಿಯೂ ಸರದಿಯ ಮೇಲೆ ಗಂಜಿ ತಿನ್ನಿಸಿದ್ದೇವೆ. ಆಗ ಡಿಕೆಲೆಡಿ ಒಂದು ಮಾತು ಹೇಳಿದ್ದಳು: "ನನಗೂ ಹೀಗಾದ್ರೆ ನೀನು ಒಬ್ಬಳಾದ್ರೂ ನನ್ನ ಹೆಸರು ಹಿಡಿದು ಕೂಗ್ತಾ ಇರು ಕಣೆ, ನಾನು ಓ ಅನ್ನದಿದ್ರೂ."

ಅವಳಿಗೆ ಇರುವವಳು ಒಬ್ಬಳೇ ಮಗಳು, ಅವಳೋ ಗಡಿಯಾಚೆಯ ಬ್ಲೂಮ್‌ಫಾಂಟೇನಿನಲ್ಲಿ ಸಂಸಾರ ಹೂಡಿದ್ದಾಳೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ನೋಡಿಕೊಳ್ಳುವವಳು ನಾನೇ ಎಂದು ತೀರ್ಮಾನಿಸಿಬಿಟ್ಟೆ. ನನ್ನ ಮಗ ಸೊಸೆಗೆ ಒಂದು ಮಾತೂ ಹೇಳದೆ ಹಿತ್ತಲಿನ ದುಂಡು ಗುಡಿಸಲನ್ನು ಖಾಲಿ ಮಾಡಿಸಲು ನಿಂತೆ. ಜೋಳದ ಚೀಲ ಹೊರಲು ತವರಿನಿಂದ ತಮ್ಮ ಮೊಖೆಲೆಯನ್ನು ಕರೆಸಿದೆ. ತವರು ಎಂದರೆ ದೂರವೇನಲ್ಲ, ಅದೇ ಊರಿನ ಮೇಲಿನ ಕೇರಿ.

"ಯಾರಿಗಕ್ಕ ಈ ಗುಡಿಸಲು?" ಎಂದ ಮೊಖೆಲೆ, ಚೀಲ ಹೆಗಲಿಗೇರಿಸುತ್ತ.

"ಡಿಕೆಲೆಡಿಗೆ. ಇನ್ನು ಮುಂದೆ ಅವಳು ನಮ್ಮ ಮನೆಯವಳೇ."

ಚೀಲ ದೊಪ್ಪನೆ ಅವನ ಕಾಲ ಮೇಲೆ ಬಿತ್ತು. ಒಂಟಿಕಾಲಲ್ಲಿ ಕುಣಿದ. "ನಿನಗೆ... ನಿನಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕೋ? ನನಗೇನು ಕಣ್ಣಿಲ್ವಾ, ಕಿವಿಯಿಲ್ವಾ? ಅವಳು ಮಾತಾಡೋದು ಕೇಳಿದ್ರೆ ಗೊತ್ತಾಗಲ್ವಾ?"

ಅವನು ನನ್ನನ್ನೇ ನೋಡುತ್ತ ನಿಂತ. ಆಮೇಲೆ ಬಂದು ನನ್ನ ಎರಡೂ ಕೈ ಹಿಡಿದು, "ನೀನು ದೊಡ್ಡವಳು ಕಣಕ್ಕ" ಎಂದವನೇ ಉಳಿದ ಚೀಲಗಳನ್ನೆಲ್ಲ ಒಂದೇ ಉಸಿರಿಗೆ ಸಾಗಿಸಿಬಿಟ್ಟ. ಸದಾ ಸೊಂಟನೋವು ಎನ್ನುವ ಸೋಮಾರಿ! ಪಾಪ, ಇವನಿಗೂ ಅವಳ ಮೇಲೆ ಎಷ್ಟು ಕನಿಕರ ಎಂದು ನನಗೆ ಕಣ್ಣು ತುಂಬಿ ಬಂತು.

ನಮ್ಮ ಲೆಸೊಥೊದಲ್ಲಿ ಫೆಬ್ರವರಿ ಮುಗಿಯುತ್ತಿದ್ದಂತೆ ಬೇಸಿಗೆಯೂ ಮುಗಿಯುತ್ತದೆ. ಚಳಿ ಬಂದು ಹುಲ್ಲನ್ನೆಲ್ಲ ಸುಡುವ ಮೊದಲು ಊರ ಹಿಂದಿನ ಬೆಟ್ಟ ಒಂದು ಸಲ ಮೈತುಂಬ ಹೂ ಬಿಡುತ್ತದೆ. ಆಗ ನಾನೂ ಡಿಕೆಲೆಡಿಯೂ ಹತ್ತುತ್ತೇವೆ. ಸೌದೆಗಲ್ಲ, ಸೊಪ್ಪಿಗಲ್ಲ, ಸುಮ್ಮನೆ ನೋಡಲು. ಲಂಗ ಮೊಣಕಾಲುದ್ದ ಇದ್ದಾಗಿನಿಂದ ಇದು ನಮ್ಮ ಹಬ್ಬ. ಊರಿನವರಿಗೆ ನಾವು ನಗೆಪಾಟಲು, ಇರಲಿ. ಈ ವರ್ಷ ಮಾತ್ರ ನನ್ನ ಹೊಟ್ಟೆಯೊಳಗೆ ಬೇರೆ ಲೆಕ್ಕಾಚಾರ ಇತ್ತು. ಪ್ರತಿ ಹೂವಿನ ಹೆಸರು ಕೇಳುತ್ತೇನೆ, ಎಷ್ಟು ಉಳಿದಿದೆ ಎಷ್ಟು ಹೋಗಿದೆ ನೋಡುತ್ತೇನೆ, ಆಮೇಲೆ ಮೆಲ್ಲಗೆ ಗುಡಿಸಲಿನ ವಿಷಯ ಎತ್ತುತ್ತೇನೆ ಎಂದುಕೊಂಡಿದ್ದೆ.

ಊರಂಚಿನ ಮುದುಕಿ ಬೇಲಿಯ ಹಿಂದಿನಿಂದಲೇ ಕೂಗಿದಳು. "ಏನ್ರೇ ಹುಡುಗೀರಾ, ಗಂಡು ನೋಡೋಕೆ ಹೊರಟ್ರಾ?"

"ನಿನಗೂ ಒಬ್ಬನ್ನ ಹಿಡ್ಕೊಂಡು ಬರ್ತೀವಿ ಅಜ್ಜೀ! ಹಲ್ಲಿರೋನು ಬೇಕೋ, ಇಲ್ಲದೋನು ಸಾಕೋ?" ಎಂದೆ ನಾನು.

ಇಂಥ ಮಾತಿಗೆ ನನ್ನ ಹಿಂದೆಯೇ ಇನ್ನೊಂದು ಸೇರಿಸುವವಳು ಡಿಕೆಲೆಡಿ. ಈ ಸಲ ತಲೆ ತಗ್ಗಿಸಿಕೊಂಡು ಸರಸರ ನಡೆದುಬಿಟ್ಟಳು. ಅಷ್ಟರಲ್ಲಿ ಮುದುಕಿಯ ಮನೆ ಕಾಯುವ ಪ್ರಾಣಿ ಬೇಲಿ ನುಸುಳಿ ನಮ್ಮ ಮೇಲೆ ಬಂತು. ಅದರ ಹೆಸರನ್ನು ನಾನು ಬಾಯಲ್ಲಿ ಆಡುವುದಿಲ್ಲ. ನನ್ನ ಮಾವನವರ ಹೆಸರೂ ಅದೇ. ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದಾಗ, ಇದೊಂದಾದರೂ ಸಾವಿನ ಕಣ್ಣಿಗೆ ಬೀಳದಿರಲಿ ಎಂದು ಅವರ ತಾಯಿ ಆ ಹೆಸರಿಟ್ಟರಂತೆ. ಸೊಸೆಯಾದವಳು ಮಾವನ ಹೆಸರೆತ್ತುವಂತಿಲ್ಲವಲ್ಲ, ಹಾಗಾಗಿ ಮದುವೆಯಾದಂದಿನಿಂದ ನನ್ನ ಪಾಲಿಗೆ ಅದು 'ಬೊಗಳೋದು'.

"ಏ ಬೊಗಳೋದೇ, ಹೋಗಾಚೆ!" ಎಂದು ಕೋಲೆತ್ತಿದೆ.

ಪ್ರತಿ ಸಲ ಡಿಕೆಲೆಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಿನ್ನ ಮಾವ ಸತ್ತು ಸ್ವರ್ಗದಲ್ಲಿದ್ದಾರೆ, ಕೇಳಿಸಲ್ಲ ಹೇಳೇ ಎಂದು ಕಾಡುತ್ತಿದ್ದಳು. ಇವತ್ತು, "ಒಳ್ಳೇದೇ ಬಿಡು. ಮರ್ಯಾದೆ ಅಂದ್ರೆ ಅದು" ಎಂದಳು ಗಂಭೀರವಾಗಿ. ನಗುವುದನ್ನೂ ಮರೆತಳೇ ಎಂದು ನನ್ನ ಜೀವ ಇನ್ನಷ್ಟು ಕುಸಿಯಿತು.

ಹೊಲದಂಚಿನಲ್ಲಿ ಗುಲಾಬಿ, ಬಿಳಿ ಕಾಸ್ಮೋಸ್ ಹೂಗಳು ಸೊಂಟದೆತ್ತರ ನಿಂತಿದ್ದವು. ಅವುಗಳ ನಡುವೆ ದಾರಿ ಬಿಡಿಸಿಕೊಂಡು ಹತ್ತಿದೆವು. ಮೇಲೆ ಹೋದಂತೆ ಹುಲ್ಲು ಗಿಡ್ಡವಾಯಿತು, ಗಾಳಿ ತಣ್ಣಗಾಯಿತು. ಜೌಗಿನ ಬದಿಯಲ್ಲಿ ಕೆಂಪು ಹಳದಿಯ ಉದ್ದ ತೆನೆಯ ಹೂಗಳು.

"ಇದರ ಹೆಸರೇನೇ?" ಎಂದೆ, ಏನೂ ಗೊತ್ತಿಲ್ಲದವಳಂತೆ.

"ಲೆಲೊಯೆಲೆ. ಯಾಕೆ?"

"ಸುಮ್ಮನೆ. ಅದು? ಆ ಬಂಡೆ ಸಂದಿಯ ನೀಲಿ?"

"ಲೆಟಾ-ಲಾ-ಫೋಫು. ನಿನಗೇನಾಗಿದೆ?"

"ಮತ್ತೆ ಈ ಕೇಸರಿ ಚುಕ್ಕೆಯದ್ದು? ಇದೂ ಲೆಲೊಯೆಲೆ ತಾನೇ?"

"ಖಾಹ್ಲಾ ಕಣೆ ಅದು! ಹುಟ್ಟಿದಾಗಿನಿಂದ ನೋಡಿದ್ದೀಯ. ಮಂಕು ಕವಿದಿದೆಯಾ ನಿನಗೆ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ನನಗೆ ತಲೆಬುಡ ತಿಳಿಯಲಿಲ್ಲ. ಊರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲದ ಹೂವಿನ ಹೆಸರುಗಳನ್ನು ಪಟಪಟ ಹೇಳುತ್ತಾಳೆ. ಬೇಕೆಂದು ತಪ್ಪು ಹೇಳಿದರೆ ತಿದ್ದುತ್ತಾಳೆ. ಮೂರು ವರ್ಷದ ಮಗುವಿಗೂ ಬರುವ ಮುಖ, ಮರ ಮಾತ್ರ ಬಾಯಿಗೆ ಬರುವುದಿಲ್ಲ. ಬುದ್ಧಿ ಹೋಗುವುದಕ್ಕೂ ಒಂದು ಕ್ರಮ ಬೇಡವೇ? ನಡೆಯುತ್ತ ನಡೆಯುತ್ತ ನನಗೇ ಏನೋ ಆಗಿರಬಹುದೇ ಎನ್ನಿಸಿ, ನನ್ನ ಮೊಮ್ಮಕ್ಕಳ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡೆ.

ನೆತ್ತಿಯ ಮೇಲಿನ ಬಯಲಲ್ಲಿ ಕಂಬಳಿ ಹಾಸಿ ಕೂತೆವು. ಸುತ್ತಲೂ ಕಾಗದದಂಥ ಹಳದಿ ಹೂಗಳು, ಕಿತ್ತಿಟ್ಟರೂ ವರ್ಷವಿಡೀ ಬಾಡದವು. ನಾನು ತಂದಿದ್ದ ಕರಿದ ಹಿಟ್ಟಿನುಂಡೆ, ಅವಳು ತಂದಿದ್ದ ಶುಂಠಿ ಪಾನಕ. ಅವಳು ಉಂಡೆ ಮುರಿದಳು, ತಿನ್ನಲಿಲ್ಲ.

"ಕೆನೆವೆ" ಎಂದಳು. "ಮೊಖೆಲೆ ಹೇಳಿದ. ನಿನಗೆ ಗೊತ್ತಾಗಿದೆಯಂತೆ."

ಆ ಬಾಯಿಬಡುಕ! ಅವನ ಹೊಟ್ಟೆಯಲ್ಲಿ ಒಂದು ಮಾತು ನಿಂತದ್ದುಂಟೇ? ಆದರೆ ಈಗ ಮುಚ್ಚಿಟ್ಟು ಏನು ಪ್ರಯೋಜನ? "ಗೊತ್ತು ಕಣೆ. ತಿಂಗಳಿಂದ ನೋಡ್ತಾ ಇದ್ದೀನಿ."

"ಕೋಪ ಇಲ್ವಾ ನನ್ನ ಮೇಲೆ?"

"ಕೋಪ ಯಾಕೇ? ನೀನೇನು ಬೇಕು ಅಂತ ತಂದ್ಕೊಂಡಿದ್ದಾ? ತಾನಾಗೇ ಬರುತ್ತೆ. ನಿಮ್ಮಮ್ಮನಿಗೂ ಬಂದಿರ್ಲಿಲ್ವಾ?"

"ನಮ್ಮಮ್ಮನಿಗಾ?" ಅವಳು ಕಣ್ಣರಳಿಸಿದಳು. "ನಮ್ಮಮ್ಮನಿಗೂ ಇತ್ತಾ? ಯಾರ ಜೊತೆ?"

"ಯಾರ ಜೊತೆ ಅಂದ್ರೆ? ಎಲ್ಲರ ಜೊತೆ! ಕೊನೆಕೊನೆಗೆ ಪಾದ್ರಿಯವರನ್ನೂ ಬಿಡಲಿಲ್ಲ, ನೆನಪಿಲ್ವಾ? ಅಯ್ಯೋ, ನೆನಪಿರೋದಾದ್ರೂ ಹೇಗೆ..."

"ಏನೇ ಹೇಳ್ತಿದ್ದೀಯ ನೀನು?"

"ಹೆದರಬೇಡ ಅಂತ ಹೇಳ್ತಿದ್ದೀನಿ. ಮೊದಮೊದಲು ಹೀಗೇ, ಒಂದೊಂದು ಮಾತಿಗೆ ತಡವರಿಸೋದು. ಮುಂದೆ ಏನೂ ಅನ್ನಿಸಲ್ವಂತೆ. ಗುಡಿಸಲು ಗುಡಿಸಿ ಸಾರಿಸಿದ್ದೀನಿ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದ್ದೀನಿ."

"ಹೊರಗಿನಿಂದ ಯಾಕೆ?"

"ನೀನು ಎದ್ದು ಹೋಗದ ಹಾಗೆ."

ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಅವಳ ತಾಯಿಯನ್ನು ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ ಇತ್ತು. ನಾನು ಅವಳ ಕೈ ಸವರಿದೆ. ಅವಳು ನನ್ನ ಕೈ ಸವರಿದಳು. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತ ಕೂತೆವು, ಯಾವುದಕ್ಕೆಂದು ಇಬ್ಬರಿಗೂ ತಿಳಿಯದು.

ಆಗ ಅವಳು ನನ್ನ ಭುಜದ ಮೇಲಿನಿಂದ ಆಚೆ ನೋಡಿ ದಡಬಡಿಸಿ ಎದ್ದಳು. "ಏಳೇ! ಏಳು, ಬರ್ತಾ ಇದೆ!"

"ಏನು ಬರ್ತಾ ಇದೆ?"

"ಅದೇ... ಮೇಲಿಂದ ಬೀಳೋದು! ಬಿಳೀದು!"

"ಹಿಮವಾ? ಈ ತಿಂಗಳಲ್ಲಿ ಎಲ್ಲಿಯ ಹಿಮ? ಕೂತ್ಕೋ ಬಾ, ಕೂತ್ಕೋ."

"ಹಿಮ ಅಲ್ಲ ಕಣೆ! ಗಟ್ಟಿ ಇರುತ್ತಲ್ಲ, ಉಂಡುಂಡೆ... ತಲೆ ಒಡೆಯೋದು! ಅಯ್ಯೋ, ಏಳೇ ಮಹಾತಾಯಿ!"

ನನ್ನ ಕಣ್ಣಲ್ಲಿ ನೀರು ಬಂತು. ಹೋಯಿತು, ಇನ್ನೊಂದು ಮಾತೂ ಹೋಯಿತು. ಅವಳನ್ನು ತಬ್ಬಿಕೊಂಡು ಬೆನ್ನು ತಟ್ಟಿದೆ. "ಏನೂ ಇಲ್ಲ ಡಿಕೆಲೆಡಿ, ಏನೂ ಇಲ್ಲ. ನಾನಿದ್ದೀನಿ. ಡಿಕೆಲೆಡಿ ಅಂತ ನಿನ್ನ ಹೆಸರು, ಮರೀಬೇಡ." ಅವಳು ನನ್ನ ತೋಳಿನಿಂದ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಳು. ಟಪ್ ಎಂದು ಏನೋ ನನ್ನ ನೆತ್ತಿಗೆ ಬಡಿಯಿತು. ಮತ್ತೊಂದು ಮೂಗಿಗೆ. ತಿರುಗಿ ನೋಡಿದರೆ ಮೋಡ ನೆಲಕ್ಕೇ ಇಳಿದಂತೆ ಬಯಲಿನ ಆ ತುದಿಯಿಂದ ಬೆಳ್ಳಗೆ ನುಗ್ಗಿ ಬರುತ್ತಿತ್ತು.

"ಸೆಫಾಕೊ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. "ಸೆಫಾಕೊ ಬಂತು, ಓಡೇ!"

"ಅದನ್ನೇ ಅಲ್ವೇನೇ ನಾನು ಹೇಳ್ತಿದ್ದಿದ್ದು!"

ಕಂಬಳಿಯನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು ಓಡಿದೆವು. ಉಂಡೆ ಉರುಳಿ ಹೋದವು, ಪಾನಕದ ಬಾಟ್ಲಿ ಅಲ್ಲೇ ಉಳಿಯಿತು. ಕುರಿ ಕಾಯುವವರು ತಂಗುವ ಬಂಡೆಯ ಸೂರೊಂದಿದೆ, ಅದರ ಕೆಳಗೆ ನುಗ್ಗಿ ಬೆನ್ನಿಗೆ ಬೆನ್ನು ಹಚ್ಚಿ ಏದುಸಿರು ಬಿಟ್ಟೆವು. ಹೊರಗೆ ಪಾರಿವಾಳದ ಮೊಟ್ಟೆ ಗಾತ್ರದ ಕಲ್ಲುಗಳು ಹೂಗಳ ಮೇಲೆ ಬಡಿಯುತ್ತಿದ್ದವು. ಮಾತಾಡಿದರೆ ಕೇಳುವಂತಿರಲಿಲ್ಲ. ಹಾಗಾಗಿ ಯೋಚಿಸಲು ಸಮಯ ಸಿಕ್ಕಿತು.

ಆಲಿಕಲ್ಲಿಗೆ ನಮ್ಮ ಮಾತಿನಲ್ಲಿ ಸೆಫಾಕೊ. ಅವಳು ದೂರದಿಂದಲೇ ಗುರುತು ಹಿಡಿದಿದ್ದಳು. ಅದು ತಲೆ ಒಡೆಯುತ್ತದೆಂದೂ ಗೊತ್ತಿತ್ತು. ಹೆಸರೊಂದು ಮಾತ್ರ ಬರಲಿಲ್ಲ. ಮರಕ್ಕೆ ಸೆಫಾಟೆ. ಮುಖಕ್ಕೆ ಸೆಫಾಹ್ಲೆಹೊ. ಮೂರೂ ಮಾತಿನ ಮೊದಲು ಒಂದೇ ಸದ್ದು. ನನ್ನ ಅತ್ತೆಯ ಕಾಲದ ಹೆಂಗಸರು ಮಾವನ ಹೆಸರನ್ನಷ್ಟೇ ಅಲ್ಲ, ಅದನ್ನು ಹೋಲುವ ಸದ್ದನ್ನೂ ಬಾಯಿಗೆ ತಂದುಕೊಳ್ಳುತ್ತಿರಲಿಲ್ಲ. ಈಗ ಅಷ್ಟು ಬಿಗಿಯಾಗಿ ಯಾರು ನಡೆದುಕೊಳ್ಳುತ್ತಾರೆ?

ಸೆಫಾಕೊ ಎಂದರೆ ಇನ್ನೊಂದೂ ಹೌದು. ಆಲಿಕಲ್ಲು ಸುರಿದ ದಿನ ಹುಟ್ಟಿದ ನನ್ನ ಅಪ್ಪನ ಹೆಸರು. ಅಪ್ಪನಿಗೆ ಮಗಳು ನಾನೊಬ್ಬಳು, ಮಗ ಮೊಖೆಲೆ ಒಬ್ಬ.

ಕಲ್ಲಿನ ಮಳೆ ಸ್ವಲ್ಪ ತಗ್ಗಿತು. ನಾನು ಅವಳ ಕಡೆ ತಿರುಗಿ ಕೂತೆ. "ಡಿಕೆಲೆಡಿ, ಹೊರಗೆ ಬೀಳ್ತಿರೋದೇನು? ಹೆಸರು ಹೇಳು."

ಅವಳು ನೆಲ ನೋಡಿದಳು. "ಹೇಳಲಾರೆ."

"ಮರೆತಿದೆಯಾ?"

"ಮರೆತಿಲ್ಲ."

"ಮೊಖೆಲೆನಾ?"

ತಲೆಯಾಡಿಸಿದಳು.

"ನನ್ನ ತಮ್ಮ ಮೊಖೆಲೆನಾ? ಒಂದು ಕಾಲುಚೀಲ ಹುಡುಕೋಕೆ ಇಡೀ ಮನೆ ಬುಡಮೇಲು ಮಾಡ್ತಾನಲ್ಲ, ಆ ಮೊಖೆಲೆನಾ?"

"ಅವನೇ."

ನಾನು ಮೊದಲು ಮಾಡಿದ ಕೆಲಸ ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಮುತ್ತಿಟ್ಟದ್ದು. "ಹುಚ್ಚೀ! ನಿನಗೆ ನಿಮ್ಮಮ್ಮನ ಮರೆವು ಬಂತು ಅಂತ ಅತ್ತೂ ಅತ್ತೂ ನನ್ನ ಕಣ್ಣು ಬತ್ತಿಹೋಗಿದೆ!"

"ಮರೆವಾ? ಅದಕ್ಕೇನಾ ಹೊರಗಿನ ಚಿಲಕ? ಅಯ್ಯೋ, ನಾನು ನಿನಗೇ ತಲೆ ಕೆಟ್ಟಿದೆ ಅಂದ್ಕೊಂಡು, ನಿನ್ನ ಮಗನಿಗೆ ಹೇಗೆ ಹೇಳೋದಪ್ಪಾ ಅಂತ ಯೋಚಿಸ್ತಿದ್ದೆ!"

ಇಬ್ಬರೂ ನಕ್ಕೆವು. ನಗು ನಿಂತ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. "ತಿಂಗಳಿಂದ! ನನ್ನ ಕಣ್ಣೆದುರಿಗೇ! ನನ್ನ ಹತ್ತಿರ ಒಂದು ಮಾತಿಲ್ಲ! ನಾನು ಸತ್ತಿದ್ನಾ?"

"ಹೇಳೋಕಂತಲೇ ಪ್ರತಿ ಸಲ ಬರ್ತಿದ್ದೆ. ಬಾಯಿ ತೆಗೆದ್ರೆ ಭಯ ಆಗೋದು." ಕಂಬಳಿಯ ಅಂಚು ಹಿಂಡುತ್ತ ಹೇಳಿದಳು. "ನನ್ನ ಚಾವಣಿ ಹೊದಿಸೋಕೆ ಬಂದಿದ್ನಲ್ಲ, ಆಗ ಕೇಳಿದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ಸುಮ್ಮನಾದೆ. ಮಾರನೇ ದಿನ ಅಂಗಳದಲ್ಲಿ ಆ ನೆರಳಿನದರ ಹೆಸರು ಹೇಳೋಕೆ ಹೋದೆ ಕಣೆ, ನಾಲಿಗೆ ಹಿಡ್ಕೊಂಡುಬಿಡ್ತು. ಹೆಣ್ಣು ಕೇಳೋಕೆ ಯಾರೂ ಬಂದಿಲ್ಲ, ಹೀಗೆ ನಡ್ಕೋ ಅಂತ ಯಾರೂ ಹೇಳಿಲ್ಲ. ಆಗ ನನಗೇ ಗೊತ್ತಾಯ್ತು, ಒಪ್ಕೊಂಡಿದ್ದೀನಿ ಅಂತ."

ಅವಳ ಮೊದಲ ಗಂಡನ ಕಾಲದಲ್ಲಿ ಅವಳು ಇಂಥದ್ದಕ್ಕೆಲ್ಲ ಮೂಗು ಮುರಿದವಳು, ಮಾವನನ್ನು ಹೆಸರು ಹಿಡಿದೇ ಬೈದವಳು. ಈಗ ನನ್ನ ಸತ್ತ ಅಪ್ಪನ ಹೆಸರಿಗೆ, ಯಾರೂ ಕೇಳದಿದ್ದರೂ, ಮರವನ್ನೂ ಮುಖವನ್ನೂ ಬಿಟ್ಟುಕೊಟ್ಟಿದ್ದಳು.

ಅವಳು ಕಂಬಳಿ ಸರಿಪಡಿಸಿಕೊಂಡು ನೆಟ್ಟಗೆ ಕೂತಳು. "ಆ ಮನೆಗೆ ಈಗ ಹಿರಿಯರು ಅಂದ್ರೆ ನೀವೇ. ನೀವು ಬೇಡ ಅಂದ್ರೆ ನಾನು ಇಲ್ಲಿಗೇ ಬಿಡ್ತೀನಿ, ಅಕ್ಕ. ಅವನಿಗೂ ಹೇಳಿದ್ದೀನಿ."

ನೀವು! ನನಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಒಂದೇ ಲಂಗವನ್ನು ಸರದಿಯಲ್ಲಿ ಉಟ್ಟು ನೃತ್ಯಕ್ಕೆ ಹೋದವರು ನಾವು. ಕತ್ತೆ, ಕೋತಿ, ಕಟ್ಟಿಗೆ ಮೋರೆ ಎಂದೇ ನನ್ನನ್ನು ಕರೆದ ಬಾಯಿ ಅದು. ಮರೆವು ಅವಳನ್ನು ಒಯ್ಯುತ್ತದೆ ಎಂದು ಹೆದರಿದ್ದೆ. ಮರೆವು ಒಯ್ಯಲಿಲ್ಲ, ನನ್ನ ತಮ್ಮ ಒಯ್ದ. ಬೇಡ ಎಂದರೆ ನನ್ನ ಗೆಳತಿ ನನಗೆ ಉಳಿಯುತ್ತಾಳೆ. ಆದರೆ ನಾಲಿಗೆ ತಾನಾಗಿ ನಿಂತುಹೋದ ಆ ಬೆಳಗನ್ನು ಅವಳಿಂದ ಕಿತ್ತುಕೊಂಡ ಹಾಗಾಗುತ್ತದೆ. ಬಾ ಎಂದರೆ ಇನ್ನು ಸಾಯುವ ತನಕ ನೀವು, ಅಕ್ಕ, ಕಣ್ಣು ತಗ್ಗಿಸುವುದು, ಕುರ್ಚಿ ತಂದು ಹಾಕುವುದು.

ಹೊರಗೆ ಬಿಸಿಲು ಬಿತ್ತು. ಬಯಲೆಲ್ಲ ಬಿಳಿ. ಹೂವಿನ ಕಾಂಡಗಳು ಮುರಿದು ಬಿದ್ದಿದ್ದವು, ಹಳದಿ ಹೂಗಳು ಅಲ್ಲೊಂದು ಇಲ್ಲೊಂದು ತಲೆಯೆತ್ತಿದ್ದವು. ಅವಳು ಇನ್ನೂ ನನ್ನ ಉತ್ತರಕ್ಕೆ ಕಾಯುತ್ತ ಕೂತಿದ್ದಳು.

"ಬಾ" ಎಂದೆ ಕೊನೆಗೆ. "ಅವನ ಮನೆಗೆ ಬಾ. ಅವನ ಕಾಲುಚೀಲ ನೀನೇ ಹುಡುಕು."

ಅವಳು ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ.

"ಆದ್ರೆ ನನ್ನ ಗತಿ ಏನೇ?" ಎಂದೆ. "ಅವನ ಮೊದಲ ಹೆಂಡತಿ ಬದುಕಿದ್ದಾಗ ಅವಳ ಮೇಲಿನ ಸಿಟ್ಟನ್ನೆಲ್ಲ ಯಾರ ಹತ್ತಿರ ಕಾರ್ಕೊಂಡೆ? ನಿನ್ನ ಹತ್ತಿರ. ಈಗ ತಮ್ಮನ ಹೆಂಡತಿ ನೀನು. ನಿನ್ನ ಮೇಲೆ ಸಿಟ್ಟು ಬಂದ್ರೆ ನಾನು ಯಾರ ಹತ್ತಿರ ಹೋಗಿ ಬಯ್ಯಲಿ?"

ಅವಳು ಕಂಬಳಿಯ ತುದಿಯಲ್ಲಿ ಮೂಗು ಒರೆಸಿಕೊಂಡಳು. ಅತ್ತ ಇತ್ತ ನೋಡಿದಳು, ಬೆಟ್ಟದ ಮೇಲೆ ನಮ್ಮಿಬ್ಬರ ಹೊರತು ಒಂದು ಕುರಿಯೂ ಇರಲಿಲ್ಲ.

"ನನ್ನ ಹತ್ತಿರಾನೇ ಬಾರೇ, ಕಟ್ಟಿಗೆ ಮೋರೆ" ಎಂದಳು. "ಇಬ್ಬರೂ ಸೇರಿ ಆ ನಿನ್ನ ತಮ್ಮನ ಹೆಂಡತೀನ ಬಯ್ಯೋಣ."